ಕಸಬರಗಿ ಇಲ್ಲದ ಗೆರೆ

ನಮ್ಮ ಮನೆತನದ ಕೆಲಸ ಕಸ ಹೊಡೆಯುವುದು. ಅಜ್ಜಿ ಹೊಡೆದಳು, ಅವ್ವ ಹೊಡೆದಳು, ಚಿಗವ್ವ ಈಗಲೂ ಹೊಡೆಯುತ್ತಾಳೆ. ನಾನು ಡಿಪ್ಲೊಮಾ ಓದಿ, ಶಹಾಪುರಕ್ಕೆ ಬಂದು, ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಕೂತು ಹೊಡೆಯುತ್ತೇನೆ. ಅವರದು ಓಣಿಯ ಕಸ, ನನ್ನದು ಗೆರೆಗಳ ಕಸ.

ಗೆರೆ ಅಂದರೆ ಜಿಪಿಎಸ್ ಗೆರೆ. ನಮ್ಮ ಕಂಪನಿ ಹಳ್ಳಿಗಳ ಒಳದಾರಿಗಳ ನಕ್ಷೆ ಮಾಡುವ ಗುತ್ತಿಗೆ ಹಿಡಿದಿದೆ. ಪ್ರತಿ ಊರಲ್ಲೂ ಒಬ್ಬರ ಕೈಗೆ ಒಂದು ಫೋನು ಕೊಡುತ್ತಾರೆ. ಅವರು ಅದನ್ನು ಹಿಡಿದುಕೊಂಡು ಜನ ಅಡ್ಡಾಡುವ ದಾರಿಯಲ್ಲೆಲ್ಲ ನಡೆಯಬೇಕು. ಅವರು ಹೋದಲ್ಲೆಲ್ಲ ಫೋನು ಚುಕ್ಕಿ ಇಡುತ್ತಾ ಹೋಗುತ್ತದೆ. ಚುಕ್ಕಿಗಳು ಸೇರಿ ಗೆರೆಯಾಗಿ ನನ್ನ ಕಂಪ್ಯೂಟರಿಗೆ ಬರುತ್ತವೆ. ನಾನು ಅದನ್ನು ಸ್ವಚ್ಛ ಮಾಡಿ, ತುಂಡಾದಲ್ಲಿ ಜೋಡಿಸಿ ಕೊಟ್ಟರೆ ಅದಕ್ಕೆ ‘ಸಾರ್ವಜನಿಕ ದಾರಿ’ ಅಂತ ಹೆಸರು ಬರುತ್ತದೆ. ಆಮೇಲೆ ಸಿಮೆಂಟು, ಚರಂಡಿ, ದೀಪದ ಕಂಬ.

ಬರುವಾಗ ಆ ಗೆರೆಗಳ ಅವತಾರ ನೋಡಬೇಕು. ಕುಡಿದವನ ನಡಿಗೆಯೇ ವಾಸಿ. ತಗಡಿನ ಮನೆಯ ಮಗ್ಗುಲಲ್ಲಿ ಹೋದರೆ ಗೆರೆ ಎಗರಿ ಪಕ್ಕದ ಹೊಲದಲ್ಲಿ ಬಿದ್ದಿರುತ್ತದೆ. ನಡೆಯುವವರು ಚಾ ಅಂಗಡಿಯಲ್ಲಿ ಕೂತರೆ ಚುಕ್ಕಿಗಳೆಲ್ಲ ಅಲ್ಲೇ ಗಂಟು ಕಟ್ಟಿಕೊಳ್ಳುತ್ತವೆ. ಫೋನು ಆರಿಹೋದರೆ ಗೆರೆ ಅರ್ಧಕ್ಕೇ ತುಂಡು. ಎಗರಿದ್ದನ್ನು ಕತ್ತರಿಸಬೇಕು, ಗಂಟು ಬಿಡಿಸಬೇಕು, ತುಂಡುಗಳ ತುದಿಗೆ ತುದಿ ಸೇರಿಸಬೇಕು. ಒಬ್ಬ ಪುಣ್ಯಾತ್ಮ ಫೋನನ್ನು ಎಮ್ಮೆಯ ಕೊರಳಿಗೆ ಕಟ್ಟಿ ಕಳಿಸಿದ್ದ. ಆ ಊರಿನ ಸಾರ್ವಜನಿಕ ದಾರಿ ಕೆರೆಯ ನಡುವೆ ಹೋಗಿ ಮಧ್ಯಾಹ್ನವೆಲ್ಲ ಅಲ್ಲೇ ಕೂತಿತ್ತು. ಅದನ್ನು ನೋಡಿ ನಕ್ಕು ನಕ್ಕು ತರನ್ನುಮ ಕುರ್ಚಿಯಿಂದ ಬೀಳುವುದೊಂದು ಬಾಕಿ ಇತ್ತು.

ತರನ್ನುಮ ನನ್ನ ಪಕ್ಕದ ಮೇಜಿನವಳು. ಶಹಾಪುರದವಳೇ. ಮನೆಯಲ್ಲಿ ದಖನಿ, ಆಫೀಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ನಮ್ಮಿಬ್ಬರ ಮೇಲೆ ಸಂಗಮನಾಥ ಸರ್. ಯಾದಗಿರಿಯ ಎಂಜಿನಿಯರು. ಕೆಟ್ಟ ಮನುಷ್ಯನಲ್ಲ. ಹಬ್ಬದ ಮರುದಿನ ಮನೆಯಿಂದ ಹೋಳಿಗೆ ತಂದು ನಮಗೂ ಕೊಡುತ್ತಾರೆ, ನಮಗೆ ಕಾಗದದ ತಟ್ಟೆಯಲ್ಲಿ, ತಮಗೆ ಸ್ಟೀಲಿನದರಲ್ಲಿ. ನಾವು ಹೋಳಿಗೆ ತಿನ್ನುತ್ತೇವೆ. ತಟ್ಟೆಯನ್ನು ಮರೆಯುವುದಿಲ್ಲ.

ಕಿಟಕಿಯಲ್ಲಿ ಶಹಾಪುರದ ಗುಡ್ಡ ಕಾಣುತ್ತದೆ. ಬುದ್ಧ ಮಲಗಿದ ಹಾಗಿದೆ ಅಂತ ದೂರದೂರದಿಂದ ಜನ ಫೋಟೋ ತೆಗೆಯಲು ಬರುತ್ತಾರೆ. ನನಗೆ ದಿನಾ ಅನಿಸುವುದು ಒಂದೇ. ಮಲಗಿದ್ದು ಸಾಕಪ್ಪ, ಏಳು.

ಒಂದು ಸೋಮವಾರ ನಮ್ಮೂರಿನ ಗೆರೆಗಳು ಬಂದವು. ಊರು ತೊಗರಿಹಾಳ, ಸುರಪುರದ ಕಡೆಗೆ. ಫೋನು ಹಿಡಿದು ನಡೆದವಳು ಬೇರೆ ಯಾರೂ ಅಲ್ಲ, ನನ್ನ ಚಿಗವ್ವ ಸೂಗಮ್ಮ. ಪಂಚಾಯ್ತಿಯಲ್ಲಿ ಕಸ ಹೊಡೆಯುವವಳು. ಬಿಸಿಲಲ್ಲಿ ತಿರುಗಲು ಊರಲ್ಲಿ ಯಾರೂ ಒಪ್ಪದಿದ್ದಾಗ, ‘ಆಕಿ ಹೆಂಗೂ ತಿರುಗ್ತಾಳ’ ಅಂತ ಪಂಚಾಯ್ತಿಯವರು ಫೋನನ್ನು ಅವಳ ಕೈಗೆ ಹಾಕಿದ್ದರು. ಅವಳು ಅದನ್ನು ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡು ತಿರುಗಿದ್ದಳು. ಫೋನಿನ ಮೇಲೆ ಸುಣ್ಣ ಹತ್ತಿತ್ತಂತೆ. ಚುಕ್ಕಿಗೆ ಏನೂ ಆಗಿರಲಿಲ್ಲ.

ನಮ್ಮೂರು ತಿಳಿಯುವುದು ಸುಲಭ. ಒಂದು ತುದಿಗೆ ನಮ್ಮ ಕೇರಿ. ಇನ್ನೊಂದು ತುದಿಗೆ ಬಸ್ ನಿಲ್ಲುವ ಜಾಗ. ನಡುವೆ ಗೌಡರ ಓಣಿ, ಹುರಿ ಹಿಡಿದಂತೆ ನೆಟ್ಟಗೆ, ಪರಸಿ ಕಲ್ಲು ಹಾಸಿದ್ದು. ಓಣಿಯಲ್ಲಿ ಹೋದರೆ ಬಾಯಲ್ಲಿನ ಎಲೆ ಅಡಿಕೆ ಮುಗಿಯುವುದರೊಳಗೆ ಬಸ್ಸಿಗೆ ಮುಟ್ಟಬಹುದು. ನಾವು ಓಣಿಯಲ್ಲಿ ಹೋಗುವುದಿಲ್ಲ. ತಿಪ್ಪೆಗಳ ಹಿಂದೆ, ಜಾಲಿಕಂಟಿಗಳ ಸಂದಿಯಲ್ಲಿ, ಊರ ಬಚ್ಚಲ ನೀರೆಲ್ಲ ಬಂದು ಸೇರುವ ಹಳ್ಳಕ್ಕೆ ಇಳಿದು, ಹತ್ತಿ, ಸುತ್ತು ಹಾಕಿ ಹೋಗುತ್ತೇವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೋಗುವುದೇ ಇಲ್ಲ.

ನಮ್ಮದು ಮಾದಿಗರ ಕೇರಿ. ಹೆಸರು ಹೇಳಿದ್ದಕ್ಕೆ ಯಾರಿಗಾದರೂ ಮುಜುಗರ ಆದರೆ, ಅದು ನಮ್ಮನ್ನು ನಡೆಸಿಕೊಳ್ಳುವಾಗಲೇ ಆಗಬೇಕಿತ್ತು.

ಓಣಿಗೆ ಒಂದು ಕಾನೂನಿದೆ. ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೇ ಬಿದ್ದಿಲ್ಲ. ಕೈಯಲ್ಲಿ ಕಸಬರಗಿ ಇದ್ದರೆ ನಾವು ಓಣಿಗೆ ಇಳಿಯಬಹುದು. ಕಸಬರಗಿ ನೆಲಕ್ಕೆ ಹತ್ತಿರಬೇಕು. ಅದನ್ನು ಹೆಗಲ ಮೇಲೆ ಇಟ್ಟುಕೊಂಡು ನಡೆದರೆ ಅದು ನಡೆದಂತೆ, ತಪ್ಪು. ನೆಲಕ್ಕೆ ಹತ್ತಿಸಿ ಬಗ್ಗಿ ಸಾಗಿದರೆ ಅದು ಕೆಲಸ, ತಪ್ಪಲ್ಲ. ಚಪ್ಪಲಿ ಇರಬಾರದು, ತಲೆಯ ಮೇಲೆ ಸೆರಗು ಇರಬೇಕು. ಚಿಗವ್ವ ನಸುಕಿನಲ್ಲಿ ಕೇರಿಯ ಬಾಯಿಂದ ಹೊಡೆಯಲು ಶುರು ಮಾಡಿ ಬಸ್ ನಿಲ್ಲುವಲ್ಲಿಗೆ ಮುಟ್ಟುತ್ತಾಳೆ. ಹೊಡೆಯುವುದು ಅಲ್ಲಿಗೆ ಮುಗಿಯುತ್ತದೆ. ತಾನೇ ಹಸನು ಮಾಡಿದ ಓಣಿಯಲ್ಲಿ ತಿರುಗಿ ಬರುವ ಹಾಗಿಲ್ಲ. ಹಳ್ಳಕ್ಕಿಳಿದು ಮನೆಗೆ ಬರುತ್ತಾಳೆ.

ನನ್ನ ಕೊನೆಯ ವರ್ಷದ ಪರೀಕ್ಷೆಯ ದಿನ ಹಳ್ಳ ತುಂಬಿತ್ತು. ಚಿಗವ್ವ ನನ್ನ ಕೈಗೆ ಕಸಬರಗಿ ಕೊಟ್ಟಳು. ಹಾಲ್ ಟಿಕೆಟ್ಟನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು, ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು, ನಾನು ಗೌಡರ ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ಹೊಡೆದೆ. ಹಿಂದಿನಿಂದ ಚಿಗವ್ವ, “ಲಗೂ ಹೊಡಿ ಮಗಳ, ಬಸ್ ಬಂತು” ಅನ್ನುತ್ತಿದ್ದಳು. ಕಟ್ಟೆಯ ಮೇಲೆ ಕೂತವರೊಬ್ಬರು, “ಹುಡುಗಿ ಚಲೋ ಹೊಡೀತಾಳ” ಅಂದರು. ಅದನ್ನು ಹೊಗಳಿಕೆ ಅಂದುಕೊಂಡೇ ಅಂದಿದ್ದು. ಕಸ ಹೊಡೆಯುತ್ತಾ ಹೊಡೆಯುತ್ತಾ ಪರೀಕ್ಷೆಗೆ ಹೋದ ಡಿಪ್ಲೊಮಾದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಪಾಸಾದೆ. ಆದರೆ ಆ ಮಾತು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅದಕ್ಕೇ ಚಿಗವ್ವನ ಗೆರೆ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ನನಗೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಣಿಯಲ್ಲಿ ಸಣ್ಣ ಸಣ್ಣ ಚುಕ್ಕಿಗಳು, ಎಡಕ್ಕೊಂದು ಬಲಕ್ಕೊಂದು, ಕೌದಿಯ ಹೊಲಿಗೆಯ ಹಾಗೆ. ಅದು ಬಗ್ಗಿ ಹೊಡೆದದ್ದು. ಊರ ಸುತ್ತ ದೊಡ್ಡ ಹೆಜ್ಜೆಯ ಗೆರೆ, ಹಳ್ಳದಲ್ಲಿ ಒಂದು ಗಂಟು. ಅದು ನಡೆದದ್ದು. ಗಂಟು ಇದ್ದಲ್ಲಿ ಕಾಲು ತೊಳೆದಿರುತ್ತಾಳೆ.

ಸಂಗಮನಾಥ ಸರ್ ಚಹಾದ ಕಪ್ಪು ಹಿಡಿದು ನನ್ನ ಹಿಂದೆ ಬಂದು ನಿಂತರು.

“ಇದೇನು ಪರಿಮಳಾ, ಈಕಿ ಊರಿಗಿ ಪ್ರದಕ್ಷಿಣಿ ಹಾಕ್ಯಾಳಲ್ಲ! ಜಿಪಿಎಸ್ ಕೆಟ್ಟದ. ತಗದು ಬಿಡು.”

“ಕೆಟ್ಟಿಲ್ರಿ ಸರ್. ನಾವು ಹಂಗ ಹೋಗೂದು.”

“ನೆಟ್ಟಗ ಓಣಿ ಇಟಗೊಂಡು ಹಳ್ಳದಾಗ ಯಾರು ಹೋಗ್ತಾರ?”

“ಓಣ್ಯಾಗ ನಮಗ ಬಿಡಂಗಿಲ್ರಿ.”

ಅವರು ಚಹಾ ಗುಟುಕರಿಸಿದರು. ಮುಖದಲ್ಲಿ ಬೇಸರ. ಊಟದ ನಡುವೆ ಯಾರೋ ಹೇಸಿಗೆ ಮಾತು ತೆಗೆದಾಗ ಬರುವಂಥದು.

“ಈಗ ಎಲ್ಲದ ಬಿಡು ಅದೆಲ್ಲಾ? ಯಾವ ಕಾಲದ ಮಾತು ಹೇಳ್ತಿ?”

“ಹೋದ ವಾರದ್ದ್ರಿ ಸರ್. ಪರದೆ ಮ್ಯಾಲೆ ತಾರೀಖ ಐತಿ, ನೋಡ್ರಿ.”

ಅವರು ಬಗ್ಗಿ ಓಣಿಯ ಮೇಲೆ ಬೆರಳಿಟ್ಟರು. “ಮತ್ತ ಇಲ್ಲಿ ಏನು? ಓಣ್ಯಾಗೂ ಆಕಿ ಚುಕ್ಕಿ ಅವ. ನಡದಾಳಲ್ಲ!”

“ಅದು ಕಸಬರಗಿ ಹಿಡಕೊಂಡು ಹೋಗಿದ್ದ್ರಿ.”

“ಕಸಬರಗಿ ಹಿಡದ್ರೇನು, ಛತ್ರಿ ಹಿಡದ್ರೇನು? ಜಿಪಿಎಸ್‌ಗೆ ಏನ್ ಗೊತ್ತಾಗ್ತದ? ಚುಕ್ಕಿ ಅಂದ್ರ ಚುಕ್ಕಿ.”

“ಜಿಪಿಎಸ್‌ಗೆ ಗೊತ್ತಾಗಂಗಿಲ್ರಿ. ಗೌಡ್ರಿಗಿ ಗೊತ್ತಾಗ್ತೈತಿ.”

ಈ ಸಲ ಅವರಿಗೆ ಸಿಟ್ಟು ಬಂತು. “ಸರಿ” ಅಂತ ನನ್ನ ಕೈಯಿಂದ ಮೌಸು ಕಿತ್ತುಕೊಂಡರು. ಒಂದು ಸಲ ಒತ್ತಿದರು, ಸುತ್ತುದಾರಿ ಮಾಯ. ಇನ್ನೊಂದು ಸಲ ಒತ್ತಿದರು, ಚಿಗವ್ವನ ಹೊಲಿಗೆಯೆಲ್ಲ ಬಿಚ್ಚಿ ನೆಟ್ಟನೆಯ ಗೆರೆಯಾಯಿತು. ಆಮೇಲೆ ಕೇರಿಯ ತುದಿಯನ್ನು ಎಳೆದು ತಂದು ಓಣಿಯ ತುದಿಗೆ ಜೋಡಿಸಿದರು. ನಮ್ಮೂರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಸುಧಾರಿಸಿಬಿಟ್ಟಿತು. ಕೇರಿಯಿಂದ ಬಸ್ಸಿಗೆ ಒಂದೇ ದಾರಿ, ಗೌಡರ ವಾಡೆಯ ಮುಂದೆ.

“ನೋಡು, ಎಷ್ಟು ಛಂದ ಆತು” ಅಂದರು.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ನಮ್ಮನ್ನು ಹಳ್ಳಕ್ಕೆ ಇಳಿಸಿದವರು ಒಬ್ಬರು, ಹಳ್ಳಕ್ಕೆ ಇಳಿದದ್ದೇ ಸುಳ್ಳು ಅನ್ನುವವರು ಇನ್ನೊಬ್ಬರು. ಇನ್ನು ಆ ಹಳ್ಳಕ್ಕೆ ಸೇತುವೆ ಯಾರು ಕಟ್ಟುತ್ತಾರೆ? ನಕ್ಷೆಯಲ್ಲಿ ಅಲ್ಲಿ ಯಾರೂ ನಡೆಯುವುದೇ ಇಲ್ಲ.

“ಇದು ನಾ ಮಾಡಿದ್ದಲ್ರಿ ಸರ್” ಅಂದೆ.

“ಆತು, ನಾನ ಮಾಡಿದ್ದು” ಅಂತ ಅವರು ಹೋದರು. ತರನ್ನುಮ ತನ್ನ ಡಬ್ಬಿಯಿಂದ ಒಂದು ಸಮೋಸ ತೆಗೆದು ನನ್ನ ಮುಂದಿಟ್ಟಳು. “ಖಾ ಲೇ ಪರಿ. ಸಿಟ್ಟು ಹೊಟ್ಟಿ ತುಂಬ್ಸಂಗಿಲ್ಲ” ಅಂದಳು.

ಶನಿವಾರ ಊರಿಗೆ ಹೋದೆ. ಬಸ್ಸಿಳಿದು ಹಳ್ಳ ದಾಟಿ ಬರುವಾಗ ಚಪ್ಪಲಿಯ ಉಂಗುಷ್ಟ ಕಿತ್ತುಬಂತು. ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಾನು ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ರೊಟ್ಟಿಯ ಮೇಲಿನ ಕೈ ನಿಲ್ಲಿಸಿದಳು.

“ಗೆರಿ ಎಲ್ಲಿ ಹಾಕ್ಯಾನ ಅಂದಿ?”

“ಗೌಡ್ರ ಓಣ್ಯಾಗ.”

“ಓಣ್ಯಾಗ ಅಂದ್ರ, ಬಾಜೂಕ?”

“ನಟ್ಟನಡುವ ಚಿಗವ್ವ. ವಾಡೇದ ಕಟ್ಟಿ ಮುಂದ.”

ಅವಳು ನಗತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ತಿಳೀಲಾರ್ದ ಎಷ್ಟ ಚಲೋ ಕೆಲಸಾ ಮಾಡ್ಯಾನ ನಿಮ್ಮ ಸಾಹೇಬ!” ಅಂದಳು.

“ನಮ್ಮ ದಾರಿ ಅಳಸ್ಯಾನ ಚಿಗವ್ವ! ನೀ ನಗಾಕತ್ತಿ!”

“ಯಾವ್ದ ನಮ್ಮ ದಾರಿ? ಹಳ್ಳದ್ದ? ಅದು ನಮ್ಮನ್ನ ದಬ್ಬಿದ ದಾರಿ. ನೀ ಅದನ್ನ ನಕ್ಷಾದಾಗ ಕೂಡ್ಸಿ, ಸಿಮಿಂಟ ಹಾಕ್ಸಿ, ದೀಪಾ ಹಚ್ಚಿಸಿ ಕೊಟ್ರ, ನಾಳಿ ನಿನ್ನ ಮಕ್ಕಳು ಬೆಳಕಿನ್ಯಾಗ ಸುತ್ತಿ ಹೋಗ್ತಾವ. ಸುತ್ತೂದಂತೂ ತಪ್ಪಂಗಿಲ್ಲ.”

“ಮತ್ತ ಮಳಿಗಾಲದಾಗ ಸಾಲೀ ಹುಡುಗ್ರು? ಸೇತುವಿ ಬ್ಯಾಡೇನು?”

“ಬೇಕು. ಓಣೀನೂ ಬೇಕು.”

“ಎರಡೂ ಕೊಡಂಗಿಲ್ಲ ಅವ್ರು.”

“ಕೊಡೂದು ಅವ್ರ ಕೈಯಾಗೈತೇನು?”

ಇಬ್ಬರೂ ಊಟ ಮುಗಿಯುವವರೆಗೆ ಜಗಳಾಡಿದೆವು. ನಾನು ಸೇತುವೆ ಬಿಡಲಿಲ್ಲ, ಅವಳು ಓಣಿ ಬಿಡಲಿಲ್ಲ. ಕೊನೆಗೆ ಒಂದು ಮಾತಿಗೆ ಇಬ್ಬರೂ ಬಂದೆವು. ಆ ಗೆರೆಯನ್ನು ಎಳೆದವರು ಯಾರೇ ಇರಲಿ, ಅಳಿಸಲು ಬಿಡಬಾರದು. ಒಂದು ದಿನ ಅದರ ಮೇಲೆ ನಡೆಯಬೇಕು ಅಂತ ಚಿಗವ್ವ ಅಂದಳು. ಯಾವಾಗ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಲು ನನಗೆ ಹೆದರಿಕೆಯಾಗಿತ್ತು. ಓಣಿಯಲ್ಲಿ ಬರೀ ಕೈಯಲ್ಲಿ ನಡೆದವರನ್ನು ಹೊಡೆದದ್ದನ್ನು ನಾನು ಸಣ್ಣವಳಿದ್ದಾಗ ಕಂಡಿದ್ದೇನೆ.

ಯಾವಾಗ ಅನ್ನುವುದನ್ನು ಗೌಡರೇ ಗೊತ್ತು ಮಾಡಿದರು.

ನಕ್ಷೆ ಪಂಚಾಯ್ತಿಗೆ ಹೋಯಿತು. ಆಕ್ಷೇಪಣೆ ಇದ್ದರೆ ಹೇಳಿ ಅಂತ ದೊಡ್ಡದಾಗಿ ಮುದ್ರಿಸಿ ಗೋಡೆಗೆ ಅಂಟಿಸಿದರು. ಪಂಪಣ್ಣಗೌಡರು ನೋಡಿದರು. ತಮ್ಮ ವಾಡೆಯ ಮುಂದೆ ಕೆಂಪು ಗೆರೆ, ಗೆರೆಯ ಮೇಲೆ ‘ಕೇರಿಯಿಂದ ಬಸ್ ನಿಲ್ದಾಣಕ್ಕೆ ಸಾರ್ವಜನಿಕ ದಾರಿ’ ಅನ್ನುವ ಅಕ್ಷರ. ಆಕ್ಷೇಪಣೆ ಬರೆದು ಕೊಡಿ ಅಂದರೆ ಅವರು ಬರೆಯಲಾರರು. ಏನಂತ ಬರೆಯುತ್ತಾರೆ? ಬರೆದರೆ ಜೈಲು. ಅದಕ್ಕೇ ಫೋನು ಮಾಡಿದರು. ಯಾರಿಂದ ಯಾರಿಗೆ ಹೋಯಿತೋ, ಕೊನೆಗೆ ಬೈಗುಳ ಬಂದು ಬಿದ್ದದ್ದು ಸಂಗಮನಾಥ ಸರ್ ಕಿವಿಗೆ.

ಅವರು ಬೆವರೊರೆಸುತ್ತಾ ನನ್ನ ಮೇಜಿಗೆ ಬಂದರು.

“ಪರಿಮಳಾ, ಆ ತೊಗರಿಹಾಳದ ಗೆರಿ ಅಳಸು. ಹಳೇ ಸುತ್ತುದಾರಿ ತಿರುಗಿ ಹಾಕು.”

“ಅದು ಜಿಪಿಎಸ್ ಕೆಟ್ಟಿದ್ದಲ್ರಿ ಸರ್?”

ತರನ್ನುಮಳಿಗೆ ಎಲ್ಲಿತ್ತೋ ಕೆಮ್ಮು ಬಂತು.

“ಚ್ಯಾಷ್ಟಿ ಮಾಡಬ್ಯಾಡ. ಅಳಸು ಅಂದ್ರ ಅಳಸು.”

“ನೆಟ್ಟಗ ಓಣಿ ಇಟಗೊಂಡು ಹಳ್ಳದಾಗ ಯಾರು ಹೋಗ್ತಾರ್ರಿ ಸರ್?”

“ಪರಿಮಳಾ!”

ನಾನು ಎದ್ದು ನಿಂತೆ. ಕೂತು ಹೇಳುವ ಮಾತಾಗಿರಲಿಲ್ಲ. “ನಾ ಅಳಸಂಗಿಲ್ರಿ.”

“ಕೆಲಸಾ ಬೇಕೋ ಬ್ಯಾಡೋ ನಿನಗ?”

“ಕೆಲಸಾ ಬೇಕ್ರಿ. ಅದನ್ನ ಅಳಸೂ ಕೆಲಸಾ ಬ್ಯಾಡ್ರಿ.”

ದನಿ ನಡುಗಲಿಲ್ಲ, ಪುಣ್ಯ. ಅವರು ತರನ್ನುಮಳ ಕಡೆ ತಿರುಗಿದರು. “ನೀ ಮಾಡವ್ವ.”

“ನನ್ನ ಮೌಸ್ ಕೆಟ್ಟದ ಸರ್” ಅಂದಳು ಅವಳು. ಮೌಸು ಅವಳ ಕೈಯಲ್ಲೇ ಇತ್ತು. ಪರದೆಯ ಮೇಲೆ ಬಾಣ ಗುಂಡಗೆ ತಿರುಗುತ್ತಿತ್ತು.

ಅವರೇ ಅಳಿಸಬಹುದಿತ್ತು. ಆದರೆ ಗೋಡೆಗೆ ಅಂಟಿಸಿದ ನಕ್ಷೆಯ ಗೆರೆ ಬದಲಿಸಬೇಕಾದರೆ ಯಾರಾದರೂ ಇನ್ನೊಮ್ಮೆ ಫೋನು ಹಿಡಿದು ನಡೆದು ಹೊಸ ಗೆರೆ ತರಬೇಕು ಅಂತ ಕಂಪನಿಯದೇ ನಿಯಮ. ಅದನ್ನು ಮಾಡಿದವರೂ ಸಂಗಮನಾಥ ಸರ್ ಅವರೇ, ತಮ್ಮ ಕೈಯಿಂದಲೇ ಮುರಿಯಲು ಧೈರ್ಯ ಬರಲಿಲ್ಲ. ಮರುದಿನ ಜೀಪು ಮಾಡಿಕೊಂಡು ತೊಗರಿಹಾಳಕ್ಕೆ ಹೊರಟರು. “ನಿಮ್ಮ ಚಿಗವ್ವಗ ನೀನ ತಿಳಿಸಿ ಹೇಳು” ಅಂತ ನನ್ನನ್ನೂ ಕೂರಿಸಿಕೊಂಡರು. ದಾರಿಯುದ್ದಕ್ಕೂ ಭತ್ತದ ಗದ್ದೆ, ಕಾಲುವೆ, ತೊಗರಿ. ನಡುವೆ ಒಂದು ಸಲ ಅವರು, “ನನಗೂ ಮ್ಯಾಲಿನವರು ಅದಾರವ್ವ” ಅಂದರು. ಒಂದು ಗಳಿಗೆ ಅಯ್ಯೋ ಅನ್ನಿಸಿತು. ಒಂದೇ ಗಳಿಗೆ.

ಹೊಲದ ಬಂಡಿದಾರಿಯಿಂದ ಸುತ್ತಿ ಬಂದ ಜೀಪು ನಿಂತಾಗ ಕೇರಿಯ ಬಾಯಲ್ಲಿ ಚಿಗವ್ವ ನಿಂತಿದ್ದಳು. ನಾವು ಬರುವ ಸುದ್ದಿ ಪಂಚಾಯ್ತಿಯಿಂದ ಮೊದಲೇ ಮುಟ್ಟಿತ್ತು, ಹಬ್ಬದ ಸೀರೆ ಉಟ್ಟಿದ್ದಳು. ಕಾಲಲ್ಲಿ ಚಪ್ಪಲಿ. ಸೆರಗು ತಲೆಯ ಮೇಲಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿತ್ತು. ಅವಳ ಹಿಂದೆ ಕೇರಿಯ ಹೆಣ್ಣುಮಕ್ಕಳು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಮುಂದೆ ಓಣಿ. ಅರ್ಧದಲ್ಲಿ ವಾಡೆಯ ಕಟ್ಟೆ, ಕಟ್ಟೆಯ ಮೇಲೆ ಪಂಪಣ್ಣಗೌಡರು ಮತ್ತು ಅವರ ಮಂದಿ. ಇಲ್ಲಿಂದಲೇ ಕಾಣುತ್ತಿದ್ದರು.

ಸರ್ ಫೋನು ಮುಂದೆ ಚಾಚಿದರು. “ತಗೋವ್ವ ಸೂಗಮ್ಮ. ದಿನಾ ಹೆಂಗ ಹೋಗ್ತೀರಿ ಹಂಗ ಹೋಗು. ಹಳ್ಳದ ಕಡಿಂದ. ಒಮ್ಮಿ ನಡದು ಬಿಡು, ಮುಗೀತು.”

ಚಿಗವ್ವ ಫೋನು ಮುಟ್ಟಲಿಲ್ಲ.

“ಇವತ್ತ ಹಳ್ಳಕ್ಕ ಹೋಗಂಗಿಲ್ರಿ.”

“ಯಾಕ?”

“ಗೆರಿ ನೀವ ಈ ಕಡಿ ಹಾಕೀರಿ. ನಿಮ್ಮ ಮಾತು ನಡಸ್ಬೇಕಲ್ರಿ ನಾವು?”

“ಅದು ತಪ್ಪಾಗ್ಯದವ್ವ. ಅದನ್ನ ಸರಿ ಮಾಡಾಕನ ಬಂದೇವಿ.”

“ಹಂಗಾರ ಒಂದ ಕೆಲಸಾ ಮಾಡ್ರಿ ಸಾಹೇಬ್ರ. ಫೋನು ಹಿಡಕೊಂಡು ನೀವ ಆ ಕಡಿ ನಡೀರಿ. ನಾ ಈ ಕಡಿ ನಡೀತೇನಿ. ಬಸ್ ನಿಲ್ಲೂ ಕಡಿ ಇಬ್ರೂ ಭೆಟ್ಟಿ ಆಗೂಣು.”

ಸರ್ ನನ್ನ ಮುಖ ನೋಡಿದರು. ನಾನು ಅವರ ಬೂಟು ನೋಡಿದೆ. ಒಳ್ಳೆಯ ಬೂಟು. ಕಟ್ಟೆಯ ಕಡೆಯಿಂದ ಯಾರೋ ಕೂಗಿದರು, “ಏನ್ ನಡಿಸೀರಿ ಅಲ್ಲಿ?” ಸರ್ ಗಡಬಡಿಸಿದರು. ಅವರಿಗೆ ಇವತ್ತೇ ಗೆರೆ ಬೇಕಿತ್ತು. ಪ್ಯಾಂಟು ಎತ್ತಿ ಹಿಡಿದು ತಿಪ್ಪೆಯ ಹಿಂದೆ ಇಳಿದೇಬಿಟ್ಟರು.

ನಾನು ನನ್ನ ಫೋನು ತೆಗೆದೆ. “ಇದರಾಗೂ ಹಾಕ್ಲೇನು ಚಿಗವ್ವ? ಚುಕ್ಕಿ ಬೀಳ್ತಾವ, ಸಾಕ್ಷಿ ಇರ್ತೈತಿ.”

“ಬ್ಯಾಡ. ಇವತ್ತ ಕೈಯಾಗ ಏನೂ ಬ್ಯಾಡ.”

ಅವಳು ಓಣಿಗೆ ಕಾಲಿಟ್ಟಳು. ನಾನು ಅವಳ ಮಗ್ಗುಲಿಗೆ.

ಮೊದಮೊದಲು ಅವಳಿಗೆ ಕೈಗಳನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಒಮ್ಮೆ ಹಿಂದೆ ಕಟ್ಟಿದಳು, ಒಮ್ಮೆ ಸೆರಗು ಹಿಡಿದಳು. ಆ ಕೈಗಳಿಗೆ ಈ ಓಣಿಯಲ್ಲಿ ಕಸಬರಗಿ ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. ಆಮೇಲೆ ಸುಮ್ಮನೆ ಬಿಟ್ಟಳು. ಕೈ ಬೀಸುತ್ತಾ ಬಂದವು. ಬೆನ್ನು ತಾನಾಗೇ ಬಗ್ಗುತ್ತಿತ್ತು. ಸೊಂಟದ ಮೇಲೆ ಕೈಯಿಟ್ಟು ಲಟಕ್ಕನೆ ಅನ್ನಿಸಿ ನೆಟ್ಟಗಾದಳು. “ಅಯ್ಯ, ಎಷ್ಟ ಹಗರ ಐತಿ ನಡಿಯೂದು” ಅಂದಳು. ಚಪ್ಪಲಿ ಪರಸಿಯ ಮೇಲೆ ಟಪ್ ಟಪ್ ಅನ್ನುತ್ತಿತ್ತು. ನನಗೆ ಆ ಸಪ್ಪಳ ಊರಿಗೆಲ್ಲ ಕೇಳಿಸುತ್ತಿದೆ ಅನ್ನಿಸುತ್ತಿತ್ತು.

ಮನೆಗಳ ಹಿಂದಿನಿಂದ ಸರ್ ದನಿ ಬಂತು. “ಪರಿಮಳಾ! ಇಲ್ಲಿ ದಾರಿ ಎಲ್ಲದ?”

“ಸೀದಾ ನಡೀರಿ ಸರ್! ನೀರು ಹತ್ತಿದ್ರ ಅದ ದಾರಿ!”

ಚಿಗವ್ವ ಕಿಸಕ್ಕನೆ ನಕ್ಕಳು. ನನಗೂ ತಡೆಯಲಿಲ್ಲ. ಹೀಗೆ ನಗುನಗುತ್ತಲೇ ನಾವು ವಾಡೆಯ ಮುಂದೆ ಬಂದುಬಿಟ್ಟೆವು. ಕಟ್ಟೆಯ ಮೇಲಿನವರಲ್ಲಿ ಒಬ್ಬ ಎದ್ದು ಗೋಡೆಗೆ ಒರಗಿಸಿದ್ದ ಕೋಲಿಗೆ ಕೈ ಹಾಕಿದ.

ಅಲ್ಲಿ ಚಿಗವ್ವ ನಿಂತಳು. ಹೆದರಿ ನಿಂತಳು ಅಂದುಕೊಂಡೆ. ಅವಳು ಕತ್ತೆತ್ತಿ ವಾಡೆಯ ಬಾಗಿಲ ಮೇಲೆ ನೋಡುತ್ತಿದ್ದಳು.

“ಪರಿಮಳಾ, ನೋಡಲ್ಲಿ. ಗಿಳಿ!”

ತಲೆಬಾಗಿಲ ಚೌಕಟ್ಟಿನ ಮೇಲೆ ಕಟ್ಟಿಗೆಯಲ್ಲಿ ಕೆತ್ತಿದ ಎರಡು ಗಿಳಿ. ಹಸಿರು ಬಣ್ಣ, ಕೆಂಪು ಕೊಕ್ಕು. ಕೊಕ್ಕಿನಲ್ಲಿ ಒಂದು ಗೊಂಚಲು ಹಣ್ಣು. ಆ ಬಾಗಿಲಷ್ಟೇ ಹಳೆಯವು. ಚಿಗವ್ವ ಮದುವೆಯಾಗಿ ಬಂದಾಗಿನಿಂದ ಈ ಬಾಗಿಲ ಮುಂದೆ ದಿನಾ ಕಸ ಹೊಡೆದಿದ್ದಾಳೆ. ಇಲ್ಲಿನ ಒಂದೊಂದು ಪರಸಿಯ ಬಿರುಕು ಅವಳಿಗೆ ಗೊತ್ತು. ಗಿಳಿ ಗೊತ್ತಿರಲಿಲ್ಲ. ನಾನೂ ಈ ಬಾಗಿಲನ್ನು ದಾಟಿ ಪರೀಕ್ಷೆಗೆ ಹೋದವಳು. ನಾನೂ ನೋಡಿರಲಿಲ್ಲ.

“ಏ ಸೂಗಿ!” ಪಂಪಣ್ಣಗೌಡರು ಎದ್ದರು. “ಕಸಬರಗಿ ಎಲ್ಲಿ?”

“ಮನ್ಯಾಗೈತ್ರಿ ಗೌಡ್ರ.”

“ಕಸಬರಗಿ ಬಿಟ್ಟು ಇಲ್ಲೇನು ಮಾಡಾಕತ್ತಿ?”

“ಏನೂ ಇಲ್ರಿ. ಬಸ್ಸಿಗಿ ಹೊಂಟಿದ್ದೆ. ಗಿಳಿ ಛಂದ ಅದಾವ, ನೋಡ್ಕೋತ ನಿಂತೇನಿ.”

ಕೋಲು ಹಿಡಿದವನು ಗೌಡರ ಮುಖ ನೋಡಿದ. ಗೌಡರು ನನ್ನನ್ನು ನೋಡಿದರು. ನನ್ನ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತಾಡುತ್ತಿತ್ತು, ಆಗ ತೆಗೆದ ಫೋನು ಇನ್ನೂ ಕೈಯಲ್ಲೇ ಇತ್ತು. ಹೊಡೆಯಲು ಅವರಿಗೆ ಮನಸ್ಸಿತ್ತು. ಫೋನಿಗೆ ಹೆದರಿದರು. ಮನಸ್ಸು ಬದಲಾಯಿತು ಅಂತ ನಾನು ಸುಳ್ಳು ಹೇಳುವುದಿಲ್ಲ.

“ನಾಳಿಯಿಂದ ಪಂಚಾಯ್ತಿ ಕೆಲಸಾ ಮರತುಬಿಡು ನೀನು” ಅಂದರು.

“ಪಂಚಾಯ್ತಿನ ಹೇಳ್ಲಿರಿ ಆ ಮಾತು, ಬರದು ಕೊಟ್ಟು. ಯಾಕ ಬಿಡಿಸಿದ್ವಿ ಅನ್ನೂದೂ ಬರೀಲಿ.”

“ಏನ್ ಸೊಕ್ಕು! ತಲಿ ಬಗ್ಗಿಸಿ ನಡಿ ಮೊದ್ಲ!”

ಚಿಗವ್ವ ಗಿಳಿಗಳ ಮೇಲಿನ ಕಣ್ಣು ಕೀಳಲಿಲ್ಲ.

“ಬಗ್ಗಿದ್ರ ಗಿಳಿ ಕಾಣಂಗಿಲ್ರಿ ಗೌಡ್ರ.”

ಆಗ ಕೇರಿಯ ಕಡೆಯಿಂದ ಒಂದು ಹೆಣ್ಣುದನಿ ಬಂತು. “ಸೂಗಕ್ಕಾ, ಏನ್ ನೋಡಾಕತ್ತಿಯೇ ಅಲ್ಲಿ?”

“ಗಿಳಿ ಅದಾವ! ಬರ್ರೆ, ನೋಡಬರ್ರಿ!” ಅಂತ ಚಿಗವ್ವ ಕೂಗಿದಳು.

ಕೇರಿಯ ಬಾಯಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೊದಲು ಒಬ್ಬಳು ಇಳಿದಳು, ಅವಳ ಹಿಂದೆ ಇನ್ನೊಬ್ಬಳು, ಕಂಕುಳಲ್ಲಿ ಕೂಸು ಇದ್ದವಳು, ಕೋಲೂರುವ ಮುದುಕಿ. “ಎಲ್ಲೈತೆ? ಎಲ್ಲೈತೆ ಗಿಳಿ?” ಅಂತ ಕೇಳುತ್ತಾ ಕೇಳುತ್ತಾ, ಚಪ್ಪಲಿ ಟಪಟಪ ಅನ್ನಿಸುತ್ತಾ, ತಲೆಯೆತ್ತಿಕೊಂಡು ಎಲ್ಲರೂ ಬಂದರು.